ಎರಡು ಸೊನ್ನೆ ನುಂಗಿದ ದಿನ

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಜುಲೈ ಕಳೆದರೂ ಗಣಿತದ ಪುಸ್ತಕ ಬರಲಿಲ್ಲ. ಪಕ್ಕದ ಕೋಣೆಯ ಮಲಯಾಳಂ ಮಾಧ್ಯಮದವರು ಆಗಲೇ ಎರಡನೇ ಪಾಠದಲ್ಲಿದ್ದರು. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದೇನು ಹೊಸತಲ್ಲ ಬಿಡಿ.

ಒಂದು ಮಧ್ಯಾಹ್ನ, ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದಾಗ, ಗಣಿತದ ಮಾಷ್ಟ್ರು ಬೋರ್ಡಿನ ಉದ್ದಕ್ಕೂ ಬರೆದರು: 4294967297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದ್ದು. ಎರಡರ 1, 2, 4, 8, 16ನೇ ಘಾತಗಳಿಗೆ ಒಂದೊಂದು ಕೂಡಿಸಿದರೆ 3, 5, 17, 257, 65537; ಐದೂ ಅವಿಭಾಜ್ಯ. ಹಾಗಾದರೆ ಇದೂ, ಇದರ ಮುಂದಿನವೂ ಅವಿಭಾಜ್ಯವೇ ಎಂದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದನಂತೆ.

"ಅಷ್ಟು ದೊಡ್ಡವ ಹೇಳಿದ್ದು. ಸರಿಯಾ ಅಂತ ನೀವೇ ನೋಡಿ."

ಮೂರು, ಏಳು, ಹನ್ನೊಂದು ಎಂದು ಶುರುಮಾಡಿದವರನ್ನು ತಡೆದರು. ಇದಕ್ಕೆ ಅವಿಭಾಜ್ಯ ಅಪವರ್ತನ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಇದು ಸ್ವಿಸ್ ಗಣಿತಜ್ಞ ಆಯ್ಲರ್ ಕಂಡ ನಿಯಮ. ಆ ಲೆಕ್ಕದಲ್ಲಿ ಮೊದಲು ಸಿಗುವುದು 193, 257, 449, 577, 641. ಬೆಂಚಿಗೊಂದು ಸಂಖ್ಯೆ. ಕೊನೆಯ ಬೆಂಚಿನ ನಮಗೆ 641.

4294ರಲ್ಲಿ ಆರು ಸಲ, ಉಳಿದದ್ದು 448. ಒಂಬತ್ತು ಇಳಿಸಿದೆ: 4489. ಏಳು ಸಲಕ್ಕೆ 4487, ಶೇಷ ಬರೀ 2. ಆರು ಇಳಿಸಿದರೆ 26, ಸಾಲದು; ಏಳು ಇಳಿಸಿದರೆ 267, ಆಗಲೂ ಸಾಲದು. ಎರಡು ಇಳಿಸಿ ಮುಂದೆ ಹೋದೆ. ಕೊನೆಗೆ ಉಳಿದದ್ದು ಸರಿಯಾಗಿ 4487. ಮತ್ತೆ ಏಳು ಸಲ, ಶೇಷ ಸೊನ್ನೆ!

"ಸಾರ್, ಹೋಯ್ತು!" ಎಂದು ಕಿರುಚಿದೆ. ಭಾಗಲಬ್ಧ ಎಷ್ಟೆಂದು ಕೇಳಿದರು. 67417 ಎಂದೆ. ಗುಣಿಸಿ ತೋರಿಸಲು ಬೋರ್ಡಿಗೆ ಕರೆದರು. ಬಂದದ್ದು 43214297.

"ನಾನು ಕೊಟ್ಟದ್ದು 429 ಕೋಟಿ. ನೀನು ವಾಪಸ್ ತಂದದ್ದು ನಾಲ್ಕು ಕೋಟಿ. ಉಳಿದದ್ದನ್ನು ಎಲ್ಲಿ ಹಾಕಿದೆ ಮಾರಾಯ?"

ಸಾಲದ ಕಡೆ ಸೊನ್ನೆ ಹಾಕಬೇಕೆಂದು ಮೂರನೇ ತರಗತಿಯಲ್ಲೇ ಕಲಿತದ್ದು. 67ರ ನಂತರ ಎರಡು ಸೊನ್ನೆ ನುಂಗಿದ್ದೆ. ಕ್ಲಾಸಿಡೀ ನಕ್ಕಿತು, ಮಾಷ್ಟ್ರು ನಗಲಿಲ್ಲ, ಸೀಮೆಸುಣ್ಣ ನನ್ನ ಕೈಗೇ ಕೊಟ್ಟು 6700417 ಎಂದು ಬರೆಸಿದರು. ಆಮೇಲೆ ಹೇಳಿದರು, ಆಯ್ಲರ್ 1732ರಲ್ಲಿ ಕಂಡುಹಿಡಿದದ್ದೂ ಇದನ್ನೇ ಎಂದು. ಫರ್ಮಾನ ಮಾತಿಗೆ ಆಗ 92 ವರ್ಷ. ಆ ಐದರ ನಂತರ ಅಂಥ ಆರನೇ ಅವಿಭಾಜ್ಯ ಇಂದಿಗೂ ಯಾರಿಗೂ ಸಿಕ್ಕಿಲ್ಲ.

641 ಎಂದರೆ 640+1, ಅಂದರೆ 5×2⁷+1; ಅದೇ 625+16, ಅಂದರೆ 5⁴+2⁴ ಎಂದೂ ಮೂಲೆಯಲ್ಲಿ ಬರೆದಿದ್ದರು. ಇಷ್ಟು ಹಿಡಿದುಕೊಂಡರೆ, 641ರಿಂದ ಆ ದೊಡ್ಡ ಸಂಖ್ಯೆ ಹೋಗುತ್ತದೆಂದು ತೋರಿಸಲು ಭಾಗಾಕಾರವೇ ಬೇಡ ಎಂಬುದು ನನ್ನ ತಲೆಗೆ ಹೋದದ್ದು ಕಾಲೇಜಿಗೆ ಬಂದ ಮೇಲೆ. ಆ ದಿನ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡದ್ದು ಮಾತ್ರ ಇದೆ; 67ರ ಮುಂದೆ ಸಂದಿಯಲ್ಲಿ ತುರುಕಿದ ಎರಡು ಸೊನ್ನೆಗಳ ಸಮೇತ.