ಸರ್‌ನೇಮ್ ತುರುವೇಕೆರೆ

ಗ್ರಾಮ ಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾಗುವವರೆಗಿನ 34 ವರ್ಷಗಳನ್ನು ನಾನು ಕಂದಾಯ ಇಲಾಖೆಯ ಮೇಜಿನ ಒಳಬದಿಯಲ್ಲಿಯೇ ಕಳೆದವನು. ಅರ್ಜಿ ತಂದವರು ಎದುರಿಗೆ ನಿಲ್ಲುತ್ತಿದ್ದರು, ನಾನು ಕೂತು ಕಾಗದ ತಿರುವುತ್ತಿದ್ದೆ. ಲಗತ್ತು ಸಾಲದಿದ್ದರೆ ‘ಇದೊಂದನ್ನು ತಂದುಕೊಡಿ, ನೋಡೋಣ’ ಎನ್ನುತ್ತಿದ್ದೆ. ಅಂಥವನು 63ನೆಯ ವಯಸ್ಸಿನಲ್ಲಿ, ಭಾಷೆಯ ಒಂದಕ್ಷರವೂ ತಿಳಿಯದ ಶಾಂಘೈ ನಗರದ ಪೊಲೀಸ್ ಠಾಣೆಯೊಂದರಲ್ಲಿ ಹೊರಬದಿಗೆ ನಿಂತು, ತಾನು ಇಂಥವನು, ಇಂಥ ಮನೆಯಲ್ಲಿ ಇಳಿದುಕೊಂಡಿದ್ದಾನೆ ಎಂದು ಬರೆಸಿ ಬಂದ ಪ್ರಸಂಗ ಇದು.

ಮಗ ಅಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಚೀನಾದಲ್ಲಿ ನೌಕರಿ ಮಾಡುವ ವಿದೇಶಿಯರ ಹತ್ತಿರದ ಬಂಧುಗಳಿಗೆ ಕೊಡುವ ಎಸ್2 ವೀಸಾ ಪಡೆದು, ನಾನೂ ನನ್ನ ಹೆಂಡತಿಯೂ ಸಿಂಗಪುರದಲ್ಲಿ ವಿಮಾನ ಬದಲಿಸಿ, 2019ರ ಸೆಪ್ಟೆಂಬರ್ 27ರ ಶುಕ್ರವಾರ ಸಂಜೆ ಪುಡೊಂಗ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ಬೆರಳಚ್ಚು ತೆಗೆದುಕೊಂಡರು, ಫೋಟೊ ತೆಗೆದುಕೊಂಡರು, ಪಾಸ್‌ಪೋರ್ಟಿಗೆ ಮೊಹರು ಒತ್ತಿದರು. ಮನೆ ಸೇರಿದಾಗ ರಾತ್ರಿ ಒಂಬತ್ತು. ನನ್ನ ಕೈಗಡಿಯಾರದಲ್ಲಿ ಇನ್ನೂ ಆರೂವರೆ. ಸರ್ಕಾರಕ್ಕೆ ಸಂಬಂಧಿಸಿದ ಕೆಲಸ ವಿಮಾನ ನಿಲ್ದಾಣದಲ್ಲಿಯೇ ಮುಗಿಯಿತೆಂದು ತಿಳಿದು ನಾನು ಅನ್ನ ಸಾರು ಉಂಡು ಮಲಗಿದೆ.

ಮುಗಿದಿರಲಿಲ್ಲ. ಚೀನಾದಲ್ಲಿ 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ ಮತ್ತು ನಿರ್ಗಮನ ಕಾಯಿದೆಯ 39ನೆಯ ಕಲಮಿನ ಪ್ರಕಾರ, ವಿದೇಶಿಯನು ಹೋಟೆಲಿನಲ್ಲಿ ಇಳಿದರೆ ಹೋಟೆಲಿನವರೇ ಅವನ ವಿವರವನ್ನು ಪೊಲೀಸರಿಗೆ ಕಳುಹಿಸಬೇಕು. ಹೋಟೆಲಲ್ಲದ ಮನೆಯಲ್ಲಿ ಇಳಿದರೆ 24 ಗಂಟೆಯೊಳಗೆ ಅವನಾಗಲಿ ಮನೆಯವರಾಗಲಿ ಆ ಪ್ರದೇಶದ ಠಾಣೆಯಲ್ಲಿ ನೋಂದಾಯಿಸಬೇಕು. ತಪ್ಪಿದರೆ ಎಚ್ಚರಿಕೆ ಕೊಡಬಹುದು, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಆಗಿನ ಲೆಕ್ಕಕ್ಕೆ ಅದು ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಮಗನಿಗೆ ಈ ನಿಯಮ ತಿಳಿಯದ್ದಲ್ಲ. ತಾನು ಬಂದಾಗ ಕಂಪನಿಯವರು ಜೊತೆಗೆ ಆಳು ಕಳುಹಿಸಿ ಮಾಡಿಸಿದ್ದರಿಂದ ಅದರ ಬಿಸಿ ಅವನಿಗೆ ತಟ್ಟಿರಲಿಲ್ಲ, ಅಷ್ಟೆ. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ, ‘ಅಪ್ಪ, ನಿಮ್ಮಿಬ್ಬರ ಹೆಸರನ್ನು ಪೊಲೀಸ್ ಠಾಣೆಯಲ್ಲಿ ಬರೆಸಬೇಕು’ ಎಂದ. ಪೊಲೀಸ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಹೆಂಡತಿ ಲೋಟವನ್ನು ಕೆಳಗಿಟ್ಟಳು.

ಆ ಶನಿವಾರವೆಲ್ಲ ಕಾಗದ ಕೂಡಿಸುವುದರಲ್ಲಿ ಹೋಯಿತು. ನಮ್ಮ ಪಾಸ್‌ಪೋರ್ಟ್, ವೀಸಾ, ಒಳಬಂದ ಮೊಹರಿನ ಪುಟ ಕೈಯಲ್ಲಿದ್ದವು. ಬಾಡಿಗೆ ಕರಾರೂ ಇತ್ತು. ಆದರೆ ಮನೆಯ ಹಕ್ಕುಪತ್ರದ ನಕಲು ಮನೆಯೊಡತಿಯಿಂದ ಬರಬೇಕಾಗಿತ್ತು. ಆಕೆ ಬೇರೆ ಊರಿಗೆ ಮದುವೆಗೆ ಹೋಗಿದ್ದವರು ಸಂಜೆಯ ಹೊತ್ತಿಗೆ ವಿಚಾಟ್‌ನಲ್ಲಿ ಅದರ ಫೋಟೊ ಕಳುಹಿಸಿದರು. ಅಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆಂದು ಮಗ ತಾನೇ ತೀರ್ಮಾನಿಸಿದ. ಮಾರನೆಯ ದಿನ ಭಾನುವಾರವಲ್ಲವೇ ಎಂದು ನಾನು ಕೇಳಿದ್ದಕ್ಕೆ, ಆ ಭಾನುವಾರ ಕೆಲಸದ ದಿನವೆಂದ. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ಏಳು ದಿನಗಳ ರಜೆಯನ್ನು ಒಟ್ಟಾಗಿ ಕೊಡುವ ಸರ್ಕಾರ, ಅದರಲ್ಲಿ ಎರಡು ದಿನಗಳನ್ನು ಹಿಂದುಮುಂದಿನ ವಾರಾಂತ್ಯಗಳಲ್ಲಿ ದುಡಿಸಿಕೊಂಡು ವಾಪಸು ಪಡೆಯುತ್ತದಂತೆ. ನಮ್ಮ ಎನ್‌ಜಿಓ ಸಂಘದವರ, ಎಂದರೆ ಗೆಜೆಟೆಡ್ ಅಲ್ಲದ ಸರ್ಕಾರಿ ನೌಕರರ ಸಂಘದವರ ಮುಂದೆ ಯಾರಾದರೂ ಇಂಥ ಪ್ರಸ್ತಾಪ ಇಟ್ಟರೆ ಏನಾದೀತೆಂದು ಯೋಚಿಸುತ್ತ ನಾನು ನಿದ್ದೆಹೋದೆ.

ಭಾನುವಾರ ಹತ್ತು ಗಂಟೆಗೆ ಠಾಣೆಯಲ್ಲಿದ್ದೆವು. ಅಲ್ಲಿ ಇದಕ್ಕೆ ಪಾಯ್‌ಛೂಸ್ವೊ ಎನ್ನುತ್ತಾರೆ. ಲಾಕಪ್ಪು, ಲಾಠಿ ಇರುವ ಜಾಗವನ್ನು ಕಲ್ಪಿಸಿಕೊಂಡಿದ್ದ ನನಗೆ ಕಂಡದ್ದು ನಮ್ಮ ನಾಡಕಚೇರಿಯ ಹತ್ತಿರದ ಸಂಬಂಧಿಯಂತಿದ್ದ ಒಂದು ಹಜಾರ: ಟೋಕನ್ ಯಂತ್ರ, ಉಕ್ಕಿನ ಕುರ್ಚಿಗಳ ಸಾಲು, ಗಾಜಿನ ಹಿಂದೆ ಮೂರು ಕೌಂಟರು, ಕುಡಿಯುವ ನೀರಿನ ಯಂತ್ರದಲ್ಲಿ ಬಿಸಿನೀರು ಮಾತ್ರ. ಎದುರಿನ ಸಾಲಿನಲ್ಲಿ ಕೂತಿದ್ದವರೆಲ್ಲ ಚೀನೀಯರೇ ಆಗಿದ್ದುದು ನನಗೆ ಸೋಜಿಗವೆನಿಸಿತು. ವಿದೇಶಿಯರನ್ನು ಬರೆದುಕೊಳ್ಳುವ ಜಾಗದಲ್ಲಿ ಇವರಿಗೇನು ಕೆಲಸ ಎಂದು ಮಗನನ್ನು ಕೇಳಿದೆ. ಅಲ್ಲಿ ಪ್ರತಿಯೊಬ್ಬ ಪ್ರಜೆಯೂ ಹುಕೋ ಎಂಬ ಮನೆವಾರು ನೋಂದಣಿಯಲ್ಲಿ ಒಂದೂರಿಗೆ ಸೇರಿದವನಾಗಿರುತ್ತಾನೆ. 1958ರಿಂದ ಕಾನೂನಿನ ಬಲದಲ್ಲಿ ನಡೆದುಬಂದ ಏರ್ಪಾಡು. ಹಳ್ಳಿಯ ಹುಕೋ ಇರುವವನು ಶಾಂಘೈಗೆ ದುಡಿಯಲು ಬಂದರೆ, ಮಗುವನ್ನು ಶಾಲೆಗೆ ಸೇರಿಸುವುದಕ್ಕೂ ಇತರ ಸೌಲಭ್ಯಗಳಿಗೂ ಈ ಊರಿನ ವಾಸದ ಪರವಾನಗಿ ಮಾಡಿಸಿಕೊಳ್ಳಬೇಕು. ನನ್ನ ಪಕ್ಕದಲ್ಲಿದ್ದವನ ಕೈಯಲ್ಲಿ ಕಂದುಬಣ್ಣದ ರಟ್ಟಿನ ಸಣ್ಣ ಪುಸ್ತಕವಿತ್ತು, ಕೈಬೆರಳ ಸಂದಿನಲ್ಲಿ ಸುಣ್ಣವೋ ಸಿಮೆಂಟೋ ಅಂಟಿಕೊಂಡಿತ್ತು; ಪುಸ್ತಕವನ್ನು ಅವನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನೋಡಿ ಮತ್ತೆ ಕವರಿನೊಳಗೆ ಇಡುತ್ತಿದ್ದ. ಪಹಣಿ ತಿದ್ದುಪಡಿಗೆ ಬಂದು ನನ್ನ ಮೇಜಿನೆದುರು ಕೂರುತ್ತಿದ್ದವರು ಹೀಗೆಯೇ ಮಾಡುತ್ತಿದ್ದರು.

ನಮ್ಮ ಸರದಿ ಬಂತು. ತಿಳಿನೀಲಿ ಅಂಗಿಯ, ಇಪ್ಪತ್ತೈದರ ಆಸುಪಾಸಿನ ಹುಡುಗಿ. ಆಕೆ ಮೊದಲು ಮಗನ ಪಾಸ್‌ಪೋರ್ಟ್, ಆಮೇಲೆ ನನ್ನದು, ಆಮೇಲೆ ನನ್ನ ಹೆಂಡತಿಯದು ತೆರೆದಿಟ್ಟುಕೊಂಡು ಟೈಪು ಮಾಡತೊಡಗಿದವಳು, ನನ್ನದಕ್ಕೆ ಬಂದು ನಿಂತಳು. ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಸಾಲು ಖಾಲಿ. ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕೆಂದು ಹೇಳಿದ್ದರಿಂದ ಊರು, ತಂದೆಯ ಹೆಸರು, ನನ್ನ ಹೆಸರು ಮೂರೂ ಅದೇ ಕ್ರಮದಲ್ಲಿ ಎರಡನೆಯ ಸಾಲಿನಲ್ಲಿ ಕೂತಿವೆ. ಆಕೆಯ ಕಂಪ್ಯೂಟರು ಸರ್‌ನೇಮಿನ ಚೌಕವನ್ನು ಖಾಲಿ ಬಿಡಲು ಒಪ್ಪುತ್ತಿರಲಿಲ್ಲ. ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಾವು ಪಟ್ಟ ಪಾಡು ನೆನಪಾಗಿ, ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚೌಕ ಇದ್ದ ಮೇಲೆ ತುಂಬಲೇಬೇಕು.

ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಆದ್ದರಿಂದ ಆಕೆ ತನ್ನ ಊರಿನ ನ್ಯಾಯದಂತೆ ಮೊದಲ ಪದವನ್ನೇ ಎತ್ತಿ ಚೌಕಕ್ಕೆ ಹಾಕಿ, ‘ಶಿಂಗ್, ತು-ರು-ವೆ-ಕೆ-ರೆ’ ಎಂದು ಅಕ್ಷರ ಅಕ್ಷರ ಓದಿ ಸರಿಯೇ ಎಂಬಂತೆ ನನ್ನ ಮುಖ ನೋಡಿದಳು. ಶಿಂಗ್ ಎಂದರೆ ಮನೆತನದ ಹೆಸರು. ನಮ್ಮ ಊರಿನ ಹೆಸರನ್ನು ಶಾಂಘೈಯ ಪೊಲೀಸರ ಬಾಯಲ್ಲಿ ಕೇಳಿದ ಸಂತೋಷಕ್ಕೆ ನಾನು ತಲೆಯಾಡಿಸಿಬಿಟ್ಟೆ. ತೊಡಕು ಶುರುವಾದದ್ದೇ ಅಲ್ಲಿಂದ. ನನ್ನ ಹೆಂಡತಿಯ ಮತ್ತು ಮಗನ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಎಂದು ಇರುವುದು ನನ್ನ ಸ್ವಂತ ಹೆಸರು. ಹೆಂಡತಿಯ ಹೆಸರು ಬೇರೆಯಾಗಿದ್ದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಏಕೆಂದರೆ ಚೀನೀ ಹೆಣ್ಣುಮಕ್ಕಳು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ಮಗ ಮಾತ್ರ ತಂದೆಯ ಶಿಂಗ್ ಹೊರುವುದು ವಾಡಿಕೆ. ಇಲ್ಲಿ ನೋಡಿದರೆ ತಾಯಿ ಮಗ ಒಂದು ಮನೆತನ, ಅಪ್ಪನೊಬ್ಬನೇ ತುರುವೇಕೆರೆಯವನು.

ಆಕೆ ಮಗನನ್ನು ಏನೋ ಕೇಳಿದಳು, ಅವನು ನಗು ತಡೆಯಲಾರದೆ ನಮಗೆ ಕನ್ನಡದಲ್ಲಿ ಹೇಳಿದ: ‘ಮಗನಿಗೆ ಅಮ್ಮನ ಮನೆತನದ ಹೆಸರು ಇಟ್ಟಿದ್ದೀರಾ ಅಂತ ಕೇಳ್ತಿದ್ದಾರೆ.’ ಅಲ್ಲಿಯವರೆಗೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಉಸಿರೆತ್ತದೆ ನಿಂತಿದ್ದ ನನ್ನ ಹೆಂಡತಿಗೆ ಎಲ್ಲಿಲ್ಲದ ಧೈರ್ಯ ಬಂತು. ‘ಇರಲಿ ಬಿಡೋ, ಹಾಗೇ ಬರೆದುಕೊಳ್ಳಲಿ’ ಎಂದಳು. ಕೊನೆಗೆ ಮಗ ಒಂದು ಚೀಟಿ ತೆಗೆದುಕೊಂಡು ಊರು, ಅಜ್ಜ, ಅಪ್ಪ, ತಾನು ಎಂದು ಒಂದರ ಕೆಳಗೊಂದು ಬರೆದು, ಯಾವುದು ಎಲ್ಲಿಗೆ ಇಳಿದುಬಂದಿದೆಯೆಂದು ಬಾಣದ ಗುರುತು ಹಾಕಿ ತೋರಿಸಿದ. ಹೆಚ್ಚುಕಡಿಮೆ ನಾವು ಪೌತಿ ಖಾತೆಗೆ ಬರೆಸುವ ವಂಶವೃಕ್ಷವೇ ಅದು. ಆಕೆ ಪಕ್ಕದ ಕೌಂಟರಿನವನನ್ನು ಕರೆದು ಚೀಟಿ ತೋರಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಓದಿದರು. ಆಮೇಲೆ ನಮ್ಮ ವೀಸಾದ ಮೇಲಿನ ಎಸ್2 ಎಂಬ ಗುರುತನ್ನು ಬೆರಳಿಟ್ಟು ನೋಡಿ, ಬಂಧುತ್ವ ಅಲ್ಲಿಗೆ ಸಾಬೀತಾಯಿತೆಂಬಂತೆ ಮುಂದಕ್ಕೆ ಹೋದಳು. ಸರ್‌ನೇಮ್ ತುರುವೇಕೆರೆಯಾಗಿಯೇ ಉಳಿಯಿತು.

ಹೆಸರು ಮುಗಿದ ಮೇಲೆ ತಾರೀಖು. ಶುಕ್ರವಾರ ರಾತ್ರಿ ಬಂದವರು ಭಾನುವಾರ ಬಂದಿದ್ದೀರಿ, ಏಕೆ? ಮಗ ಮನೆಯೊಡತಿಯ ಮದುವೆ ಊಟದ ಕಥೆ ಹೇಳಿದ, ಶನಿವಾರ ಮುಚ್ಚಿರುತ್ತದೆಂದು ತಿಳಿದೆ ಎಂದ. ಪೊಲೀಸ್ ಠಾಣೆ ಮುಚ್ಚುವುದುಂಟೇ, ಯಾರಾದರೊಬ್ಬರು ಇದ್ದೇ ಇರುತ್ತಾರೆ, ಬಂದು ಹೇಳಿಯಾದರೂ ಹೋಗಬೇಕಾಗಿತ್ತು ಎಂದಳಂತೆ ಆಕೆ. ದನಿ ಏರಿಸಲಿಲ್ಲ, ಮುಖವನ್ನೂ ಎತ್ತಲಿಲ್ಲ. ಗ್ರಾಮ ಲೆಕ್ಕಿಗರೇ ಜನನ ಮರಣ ನೋಂದಣಾಧಿಕಾರಿಗಳೂ ಆಗಿದ್ದ ಕಾಲದಲ್ಲಿ, ತಾಯಿ ತೀರಿ 33ನೆಯ ದಿನಕ್ಕೆ ಬಂದ ಒಬ್ಬ ರೈತನಿಗೆ ನಾನೂ ಇದೇ ದನಿಯಲ್ಲಿ ಹೇಳಿದ್ದೆ. 21 ದಿನಗಳೊಳಗೆ ತಿಳಿಸಬೇಕು. ತಿಂಗಳು ದಾಟಿದರೆ ಅಫಿಡವಿಟ್ ಬೇಕು, ಮೇಲಿನವರ ಅಪ್ಪಣೆ ಬೇಕು. ಇಷ್ಟು ದಿನ ಎಲ್ಲಿಗೆ ಹೋಗಿದ್ದೆಯಪ್ಪ ಎಂದಿದ್ದೆ. ಆತ ಉತ್ತರ ಕೊಡದೆ ಟವೆಲಿನ ಅಂಚನ್ನು ಸುತ್ತುತ್ತ ನಿಂತಿದ್ದ. ನಾನು ಈಗ ಕನ್ನಡಕದ ಡಬ್ಬಿಯನ್ನು ತೆಗೆದು ಮುಚ್ಚುತ್ತ ನಿಂತಿದ್ದೇನೆಂಬುದು, ನನ್ನ ಹೆಂಡತಿ ಅದನ್ನು ಕೈಯಿಂದ ಕಸಿದುಕೊಂಡಾಗ ತಿಳಿಯಿತು.

ದಂಡ ಹಾಕಲಿಲ್ಲ. ಬಾಯಿಮಾತಿನ ಎಚ್ಚರಿಕೆ ಕೊಟ್ಟು, ಇನ್ನೊಮ್ಮೆ ಹೀಗಾಗಬಾರದೆಂದು ಮಗನಿಂದ ಒಪ್ಪಿಸಿಕೊಂಡು, ತಲಾ ಒಂದೊಂದು ಹಾಳೆಯನ್ನು ಮುದ್ರಿಸಿ ಕೊಟ್ಟಳು. ತಾತ್ಕಾಲಿಕ ವಾಸದ ನೋಂದಣಿ ಪತ್ರ. ಕೆಳಗೆ ದುಂಡನೆಯ ಕೆಂಪು ಮೊಹರು, ನಡುವೆ ನಕ್ಷತ್ರ. ಒಂದು ಎಳೆಯೂ ಹರಡದಂತೆ ಬಿದ್ದಿತ್ತು. ನಾವು ನೀಲಿ ಶಾಯಿಯ ಪ್ಯಾಡನ್ನು ನೀರು ಹಾಕಿ ನಾದುತ್ತಿದ್ದವರು. ಅಂಥ ಮೊಹರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಒಟ್ಟು 40 ನಿಮಿಷ, ಅದರಲ್ಲಿ ಅರ್ಧ ನನ್ನ ಹೆಸರಿಗೆ. ಶುಲ್ಕವಿಲ್ಲ.

ಆ ಹಾಳೆಯನ್ನು ನಾನು ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಂಡು ಎಲ್ಲ ಕಡೆಗೂ ಒಯ್ದೆ. ರಜೆಯ ನೂಕುನುಗ್ಗಲು ಇಳಿದ ಮೇಲೆ ಹಾಂಗ್‌ಝೌಗೆ ಹೋಗಿ ಎರಡು ರಾತ್ರಿ ಹೋಟೆಲಿನಲ್ಲಿದ್ದೆವು. ಅಲ್ಲಿ ಅವರೇ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟು ಎರಡು ನಿಮಿಷದಲ್ಲಿ ಮುಗಿಸಿದರು. ಮರಳಿದ ರಾತ್ರಿಯೇ ನಾನು ಮಗನಿಗೆ ಗಂಟುಬಿದ್ದೆ. ಮತ್ತೆ ಬೇಕೋ ಬೇಡವೋ ಎಂದು ಅವನು ಗೊಣಗಿದರೂ, ಬೇರೆ ಊರಿನಲ್ಲಿ ನಮ್ಮ ಹೆಸರು ದಾಖಲಾಗಿರುವಾಗ ಇಲ್ಲಿಯ ದಾಖಲೆ ಹೇಗೆ ನಿಂತೀತು ಎಂಬ ನನ್ನ ವಾದಕ್ಕೆ ಸೋತು ಬೆಳಿಗ್ಗೆ ಎಂಟಕ್ಕೇ ಕರೆದುಕೊಂಡು ಹೋದ. ಅದೇ ಹುಡುಗಿ ಇದ್ದಳು. ನಾನು ಪಾಸ್‌ಪೋರ್ಟ್ ಕೊಡುವ ಮೊದಲೇ ‘ತು-ರು-ವೆ-ಕೆ-ರೆ’ ಎಂದು ಟೈಪು ಮಾಡಿದಳು. ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಹಾಳೆಯನ್ನು ಅಂಗಿಯ ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ, ಯಾರೂ ಕೇಳಲಿಲ್ಲ.

ನನ್ನ ಭಾವಮೈದ ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಾನೆ. ಆ ವರ್ಷ ಡಿಸೆಂಬರಿನಲ್ಲಿ ನಾವು ಅಲ್ಲಿದ್ದಾಗ ಫ್ರಾನ್ಸಿನ ದಂಪತಿಗಳು ಬಂದಿಳಿದರು. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯಿದೆಯಂತೆ, ವಿದೇಶಿಯರಿಗೆ ಜಾಗ ಕೊಟ್ಟವರು ನಮೂನೆ ಸಿ ತುಂಬಿ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಕಳುಹಿಸಬೇಕು. ಅದೇ ಗಂಟೆಯ ಲೆಕ್ಕ. ಇಷ್ಟು ವರ್ಷ ಆ ನಮೂನೆಯ ಮಾತನ್ನು ಅವನ ಬಾಯಲ್ಲಿ ಕೇಳಿದ್ದೆನೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ. ‘ನೆಟ್‌ವರ್ಕ್ ಇಲ್ಲ ಭಾವ, ನಾಳೆ ಪೇಟೆಗೆ ಹೋದಾಗ ಮಾಡಿದರಾಯಿತು’ ಎಂದ ಅವನು. ಅವರು ಬಂದದ್ದು ಎಷ್ಟು ಗಂಟೆಗೆ ಎಂದು ನಾನು ಕೇಳಿದೆ. ನಾಲ್ಕಕ್ಕೆ ಎಂದ. ಕತ್ತಲಾಗುವುದರೊಳಗೆ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು, ಅಲ್ಪಸ್ವಲ್ಪ ಸಿಗ್ನಲ್ ಸಿಗುವ ಕಾಫಿ ಒಣಗಿಸುವ ಕಣಕ್ಕೆ ಹತ್ತಿದೆವು. ಅವನು ಒಂದೊಂದೇ ವಿವರ ಓದುತ್ತ ಹೋದ, ನಾನು ಪಾಸ್‌ಪೋರ್ಟನ್ನು ಟಾರ್ಚಿನ ಬೆಳಕಿಗೆ ಹಿಡಿದು ಹೇಳುತ್ತ ಹೋದೆ. ಅವರಿಬ್ಬರ ಸರ್‌ನೇಮುಗಳೂ ತಮ್ಮ ತಮ್ಮ ಸಾಲಿನಲ್ಲಿ ಭರ್ತಿಯಾಗಿದ್ದವು.