ಮ್ಯೂನಿಕ್ ಚಳಿಗಾಲದ ಆನ್‌ಸೈಟ್: ಮಧ್ಯಾಹ್ನದ ಅರ್ಧ ಗಂಟೆ ಬಿಟ್ಟುಕೊಡಬೇಡಿ

ನವೆಂಬರ್‌ನಲ್ಲಿ ಮೂರು-ನಾಲ್ಕು ತಿಂಗಳ ಆನ್‌ಸೈಟ್‌ಗೆಂದು, ಅಂದರೆ ಗ್ರಾಹಕ ಕಂಪನಿಯ ಊರಿನಲ್ಲೇ ಇದ್ದು ಮಾಡುವ ಕೆಲಸಕ್ಕೆಂದು, ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಹೋದವರಿಗೆ ಮೊದಲ ಎರಡು ವಾರ ಏನೂ ಅನ್ನಿಸುವುದಿಲ್ಲ. ಹೊಸ ಊರು, ಹೊಸ ಆಫೀಸು. ಮಂಕು ಕವಿಯುವುದು ಆಮೇಲೆ. ಊಟ ರುಚಿಸುವುದಿಲ್ಲ, ಶನಿವಾರ ಹಾಸಿಗೆ ಬಿಟ್ಟೇಳಲು ಮನಸ್ಸಾಗುವುದಿಲ್ಲ, ಬರೆದ ಪ್ರೋಗ್ರಾಂ ಅನ್ನು ಜೊತೆಯವರು ಪರಿಶೀಲಿಸುವ ಕೋಡ್ ರಿವ್ಯೂನಲ್ಲಿ ಬಂದ ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. ಇದೆಲ್ಲ ಮನೆಯ ನೆನಪು ಎಂದು ಸುಮ್ಮನಾಗುವವರೇ ಹೆಚ್ಚು. ಬೆಳಕು ಮತ್ತು ಗಡಿಯಾರದ ಪಾಲೂ ಇದರಲ್ಲಿದೆ, ಆ ಪಾಲನ್ನು ದಿನಚರಿಯಿಂದ ಸರಿಪಡಿಸಿಕೊಳ್ಳಬಹುದು.

ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಮ್ಯೂನಿಕ್ 48ರಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕೂವರೆಯೊಳಗೆ. ಎಂಟಕ್ಕೆ ಆಫೀಸು ಹೊಕ್ಕು ಐದಕ್ಕೆ ಹೊರಬಿದ್ದವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಹಗಲೇ ಕಾಣುವುದಿಲ್ಲ. ಮನೆಗೆ ಫೋನ್ ಮಾಡುವುದೂ ಹೀಗೇ ತಪ್ಪಿಹೋಗುತ್ತದೆ. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ. ಕೆಲಸ ಮುಗಿಸಿ ರೂಮಿಗೆ ಬಂದು ಆರಕ್ಕೆ ಫೋನ್ ತೆಗೆದರೆ ಊರಲ್ಲಿ ರಾತ್ರಿ ಹತ್ತೂವರೆ, ಅಪ್ಪ ಅಮ್ಮ ಮಲಗಿರುತ್ತಾರೆ.

ಹಾಗಾಗಿ ಮಧ್ಯಾಹ್ನ ಒಂದರಿಂದ ಒಂದೂವರೆಯನ್ನು ಹಿಡಿದಿಟ್ಟುಕೊಳ್ಳಿ. ಆಗ ಊರಲ್ಲಿ ಸಂಜೆ ಐದೂವರೆ, ಕಾಫಿ ಹೊತ್ತು. ಇಯರ್‌ಫೋನ್ ಹಾಕಿಕೊಂಡು ಹೊರಗೆ ನಡೆಯುತ್ತ ಮಾತಾಡಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಆಫೀಸಿನ ದೀಪಗಳಿಗಿಂತ ಹಲವು ಪಟ್ಟು ಹೆಚ್ಚು. ಕಿಟಕಿಯ ಪಕ್ಕ ಕೂತರೆ ಅಷ್ಟು ಸಿಗುವುದಿಲ್ಲ. ಕಿವಿ ಮುಚ್ಚುವ ಟೋಪಿ, ಕೈಗವಸು, ಒಳಗೆ ಥರ್ಮಲ್ ಇದ್ದರೆ ಸೊನ್ನೆ ಡಿಗ್ರಿಯಲ್ಲೂ ಅರ್ಧ ಗಂಟೆ ಕಷ್ಟವಲ್ಲ. ಕೆಲವರು ಹಗಲಿನ ಬೆಳಕಿಗೆ ಬದಲಾಗಿ 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ದೀಪ ಕೊಳ್ಳುತ್ತಾರೆ. ಅದನ್ನು ಬಳಸುವುದಾದರೆ ಎದ್ದ ಕೂಡಲೇ 20-30 ನಿಮಿಷ, ಪೆಟ್ಟಿಗೆಯ ಮೇಲೆ ಬರೆದಷ್ಟೇ ದೂರದಲ್ಲಿ ಇಟ್ಟುಕೊಳ್ಳಿ. ರಾತ್ರಿ ಹಾಕಿದರೆ ನಿದ್ದೆ ಕೆಡುತ್ತದೆ. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ (ಅತಿ ಉತ್ಸಾಹ, ಅತಿ ಖಿನ್ನತೆ ಸರದಿಯಂತೆ ಬರುವ) ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು.

ಮೊದಲ ವಾರದ ಅಪಾಯ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ. ಬೆಂಗಳೂರಿನಲ್ಲಿ ಆಗ ಎಂಟೂವರೆ, ಟೀಮ್‌ನವರ ಮೆಸೇಜುಗಳು ಶುರುವಾಗಿರುತ್ತವೆ. ಲ್ಯಾಪ್‌ಟಾಪ್ ತೆರೆದರೆ ದಿನಕ್ಕೆ ಹದಿಮೂರು ಗಂಟೆ ಕೆಲಸವೇ ರೂಢಿಯಾಗಿಬಿಡುತ್ತದೆ. ದೀಪ ಹಾಕದೆ ಮಲಗಿಯೇ ಇರಿ, ರಾತ್ರಿ ಹತ್ತರವರೆಗೆ ಎಚ್ಚರವಿರಲು ಪ್ರಯತ್ನಿಸಿ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ.

ಅಡುಗೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ದಿನಕ್ಕೊಂದು ಹೊತ್ತಾದರೂ ಬಿಸಿ ಅನ್ನ ಹೊಟ್ಟೆಗಿಳಿದರೆ ಮನಸ್ಸು ನಿಲ್ಲುತ್ತದೆ. ಒಂದು ಲೀಟರ್‌ನ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಿರಿ. ವೋಲ್ಟೇಜ್ ನಮ್ಮ ಹಾಗೆಯೇ 230, ಆದರೆ ಪಿನ್ ಬೇರೆ. ಕುಕ್ಕರ್ ಎಳೆಯುವ ಕರೆಂಟ್ ತಾಳುವ, ಅರ್ಥ್ ಇರುವ ಅಡಾಪ್ಟರ್ ಬೇಕು. ಫೋನ್ ಚಾರ್ಜರಿನದು ಬಿಸಿಯಾಗಿ ಕರಗೀತು. ಮ್ಯೂನಿಕ್‌ನ ನೀರು ಗಡಸು, ತೊಗರಿಬೇಳೆ ಬೇಗ ಬೇಯುವುದಿಲ್ಲ. ಒಂದು ಗಂಟೆ ನೆನೆಸಿ, ಇಲ್ಲವೇ ಹೆಸರುಬೇಳೆಗೆ ಬನ್ನಿ. ಉಪ್ಪು, ಹುಣಸೆಹುಳಿ ಬೆಂದ ಮೇಲೆಯೇ. ಮಲಗುವ ಕೋಣೆಯಲ್ಲಿ ಹೊಗೆಯ ಅಲಾರಂ ಇರುತ್ತದೆ. ಒಗ್ಗರಣೆಗೆ ಉರಿ ಸಣ್ಣದಿರಲಿ, ಆ ಕೋಣೆಯ ಬಾಗಿಲು ಮುಚ್ಚಿರಲಿ, ಅಡುಗೆಮನೆಯ ಕಿಟಕಿ ತೆರೆದಿರಲಿ.

ಮೊಸರು ಹೆಪ್ಪಾಗುವುದಿಲ್ಲ ಎಂಬ ದೂರು ತುಂಬ ಜನರದು. ಕಾರಣ ಕೋಣೆಯ ತಂಪು. ಅರ್ಧ ಲೀಟರ್ ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು, ಅಂದರೆ 40-45 ಡಿಗ್ರಿಗೆ ಆರಿಸಿ, ಅಂಗಡಿಯ ಸಾದಾ ಯೋಗರ್ಟ್ ಒಂದು ದೊಡ್ಡ ಚಮಚ ಬೆರೆಸಿ. ಓವನ್ ಒಳಗಿಟ್ಟು ಅದರ ದೀಪವನ್ನಷ್ಟೇ ಹಾಕಿ, ಎಂಟು ಗಂಟೆ ಅಲ್ಲಾಡಿಸಬೇಡಿ. ಓವನ್ ಇಲ್ಲದಿದ್ದರೆ ಅಗಲ ಬಾಯಿಯ ಫ್ಲಾಸ್ಕ್ ಸಾಕು. ಊರಿನಿಂದ ಹೆಪ್ಪು, ತುಪ್ಪ, ಪೇಡ ಒಯ್ಯುವಂತಿಲ್ಲ, ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ತಡೆದಿದೆ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಧಾರಾಳವಾಗಿ ಒಯ್ಯಿರಿ. ಒಲೆ ಹಚ್ಚಲು ಮನಸ್ಸಿಲ್ಲದ ಸಂಜೆ ಒಂದು ಬಟ್ಟಲು ಮೊಸರಿಗೆ ಎರಡು ಚಮಚ ಮೆಂತ್ಯದ ಹಿಟ್ಟು, ಹೆಚ್ಚಿದ ಈರುಳ್ಳಿ, ಉಪ್ಪು ಕಲಸಿದರೆ ಅನ್ನಕ್ಕೆ ಜೊತೆಯಾಯಿತು.

ಎಲ್ಲಕ್ಕಿಂತ ಕಷ್ಟದ ದಿನ ಭಾನುವಾರ. ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳಲ್ಲಿ ಮಾತ್ರ ಕೆಲವು ತೆರೆದಿರುತ್ತವೆ. ಆದ್ದರಿಂದ ದಿನಸಿ ಶನಿವಾರವೇ ತಂದಿಡಿ. ಭಾನುವಾರ ಮಧ್ಯಾಹ್ನ ಒಂದಕ್ಕೆ ಎದ್ದರೆ ಉಳಿಯುವುದು ಮೂರೂವರೆ ಗಂಟೆಯ ಹಗಲು, ಮತ್ತು ಆ ರಾತ್ರಿ ನಿದ್ದೆ ಬರದೆ ಇಡೀ ವಾರ ಹದಗೆಡುತ್ತದೆ. ಏಳುವ ಹೊತ್ತು ಬೇರೆ ದಿನಗಳಿಗಿಂತ ಒಂದು ಗಂಟೆಗಿಂತ ಹೆಚ್ಚು ತಡವಾಗದಿರಲಿ. ಹನ್ನೊಂದರೊಳಗೆ ಈಸಾರ್ ನದಿಯ ದಂಡೆಗೋ ಇಂಗ್ಲಿಷ್ ಗಾರ್ಡನ್‌ಗೋ ಹೊರಡಿ, ಒಬ್ಬರೇ ಆದರೂ ಸರಿ.

ಇಷ್ಟೆಲ್ಲ ಮಾಡಿಯೂ ಎರಡು ವಾರ ಸತತವಾಗಿ ನಿದ್ದೆ, ಹಸಿವು, ಉತ್ಸಾಹ ಬಾರದಿದ್ದರೆ ಅದು ದಿನಚರಿಯಿಂದ ಸರಿಹೋಗುವ ಮಾತಲ್ಲ. ವೈದ್ಯರನ್ನು ಕಾಣಿ, ಮ್ಯಾನೇಜರ್‌ಗೂ ಹೇಳಿ. ಬೇಗ ವಾಪಸಾಗಬೇಕೆಂದು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಬೆಂಗಳೂರಿನಲ್ಲಿ ಕೂತು ತಂಡ ನಡೆಸುವವರಿಗೂ ಒಂದು ಮಾತು: ಸಂಜೆ ಐದೂವರೆಗೆ ಸ್ಟೇಟಸ್ ಕಾಲ್ ಇಡಬೇಡಿ. ಆನ್‌ಸೈಟ್‌ನಲ್ಲಿ ಇರುವವರು ಬೆಳಕು ಕಾಣುವ ಹೊತ್ತು ಅದು. ಮಾರ್ಚ್ ಕೊನೆಯ ಭಾನುವಾರ ಜರ್ಮನಿಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಂದಿನಿಂದ ಅಲ್ಲಿ ಮಧ್ಯಾಹ್ನ ಒಂದು ಎಂದರೆ ನಮಗೆ ಸಂಜೆ ನಾಲ್ಕೂವರೆ. ಕ್ಯಾಲೆಂಡರಿನಲ್ಲಿ ಆ ಹೊತ್ತನ್ನೂ ಖಾಲಿ ಬಿಡಿ.