ಹಳೇ ಫ್ರೇಮ್, ಭಾಗ 4: ಫಿಕ್ಸೆಡ್ ಕಪ್ ಕೊನೆಗೂ ಬಿಚ್ಚಿತು

ಬಿಚ್ಚಿತು! ನಿನ್ನೆ ರಾತ್ರಿ ಹತ್ತೂವರೆಗೆ. ಮೂರು ವಾರದಿಂದ ಜಪ್ಪಯ್ಯ ಅಂದರೂ ಅಲ್ಲಾಡದೆ ಕೂತಿದ್ದ, ನನ್ನ ಹಳೇ ಸೈಕಲ್ಲಿನ ಬಲಗಡೆಯ ಫಿಕ್ಸೆಡ್ ಕಪ್ (ಪೆಡಲ್‌ಗಳ ನಡುವಿನ ಅಚ್ಚಿನ ಬಾಲ್‌ಗಳು ಓಡುವ, ಫ್ರೇಮಿಗೆ ತಿರುಪಿ ಬಿಗಿದ ಬಟ್ಟಲು) ಈಗ ನನ್ನ ಮೇಜಿನ ಮೇಲೆ, ಹಳೇ ಬನಿಯನ್ ತುಂಡಿನ ಮೇಲೆ ಕೂತಿದೆ. ಅದನ್ನು ನೋಡಿದಾಗೆಲ್ಲ ಖುಷಿಯಾಗುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. ನಾಚಿಕೆ ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ವೀಲ್‌ಗಳ ಬೆಂಡ್ ತೆಗೆದಾಯಿತು, ಬ್ರೇಕ್ ಕೇಬಲ್ ಬದಲಾಯಿಸಿದೆ, ಹೆಡ್‌ಸೆಟ್‌ಗೆ ಗ್ರೀಸ್ ಹಾಕಿದೆ. ಅದರಲ್ಲೆಲ್ಲ ಹೇಳುವಂಥದ್ದೇನೂ ಇಲ್ಲ. ಈ ಸಲದ ಕಥೆ ಪೂರ್ತಿ ಒಂದೇ ಒಂದು ಕಬ್ಬಿಣದ ಬಟ್ಟಲಿನದು.

ಶುರುವಾಗಿದ್ದು ಗುಂಪಿನ ಜೊತೆ ಹೋದ ರೈಡಿನಲ್ಲಿ. ಏರು ಬಂದ ತಕ್ಷಣ ಬಲಗಾಲು ತುಳಿದಾಗೊಮ್ಮೆ 'ಟಿಕ್'. ಸೈಕಲ್ ಸದ್ದು ಮಾಡಿದರೆ ಗುಂಪಿನಲ್ಲಿ ಪ್ರತಿಯೊಬ್ಬರೂ ಡಾಕ್ಟರೇ ಅಲ್ವಾ? ಹಿಂದಿದ್ದವರು ಪೆಡಲ್ ಅಂದರು. ಪಕ್ಕದವರು ಚೈನ್‌ರಿಂಗ್ ಬೋಲ್ಟ್ ಅಂದರು. ಸೀಟ್‌ಪೋಸ್ಟ್ ಅಂದವರೂ ಇದ್ದರು. ಎದ್ದು ನಿಂತು ತುಳಿದೆ, ಆಗಲೂ ಟಿಕ್. ಸೀಟ್‌ಪೋಸ್ಟ್ ಬಚಾವ್. ಪೆಡಲ್ ಬದಲಾಯಿಸಿದೆ, ಟಿಕ್. ಮನೆಗೆ ಬಂದು ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) ಹಿಡಿದು ಆಚೆ ಈಚೆ ಅಲ್ಲಾಡಿಸಿದರೆ ಸಣ್ಣದಾಗಿ ಆಟ ಆಡುತ್ತಿತ್ತು.

ಎಡಗಡೆಯ ಬಟ್ಟಲು, ಅಂದರೆ ಅಡ್ಜಸ್ಟಬಲ್ ಕಪ್, ಅದನ್ನು ಹಿಡಿದಿಡುವ ಲಾಕ್‌ರಿಂಗ್ ಎರಡೂ ಐದು ನಿಮಿಷದಲ್ಲಿ ಬಂದವು. ಎರಡು ಕ್ರ್ಯಾಂಕ್‌ಗಳನ್ನು ಜೋಡಿಸುವ ಅಚ್ಚು, ಅಂದರೆ ಸ್ಪಿಂಡಲ್, ಎಳೆದೆ. ಗ್ರೀಸ್ ಟಾರ್ ಆಗಿತ್ತು. ಕಾಲಿಂಚಿನ ಬಾಲ್‌ಗಳು ಒಂದೊಂದು ಕಡೆ 11 ಇರಬೇಕು. ಬಲಗಡೆ ಎಣಿಸಿದರೆ ಹತ್ತು, ಮತ್ತೆ ಎರಡು ಹೋಳು. ಒಂದು ಬಾಲ್ ಒಡೆದುಹೋಗಿ, ಆ ಚೂರು ಫಿಕ್ಸೆಡ್ ಕಪ್‌ನಲ್ಲಿ ಬಾಲ್ ಓಡುವ ದಾರಿಯನ್ನೇ ಕಿತ್ತುಹಾಕಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸಾಕು, ಗುಂಡಿ ಬಿದ್ದ ರಸ್ತೆ ಥರ ಕಾಣುತ್ತಿತ್ತು. ಇಲ್ಲದಿದ್ದರೆ ಕಪ್ ಇದ್ದಲ್ಲೇ ಒರೆಸಿ, ಗ್ರೀಸ್ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ನೀವೂ ಹಾಗೇ ಮಾಡುತ್ತೀರಿ ಅಂತ ಗೊತ್ತು.

ಈ ಕಪ್‌ಗಳು ಕೂರುವ ಫ್ರೇಮಿನ ಅಡ್ಡ ಕೊಳವೆಯ, ಅಂದರೆ ಶೆಲ್‌ನ, ಅಗಲ ಅಳೆದೆ. 68 ಮಿ.ಮೀ. ಅಂದರೆ ಇಂಗ್ಲಿಷ್ ಥ್ರೆಡ್. ಅಂದರೆ ಬಲಗಡೆಯದು ಎಡ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದರ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡಲೇ ಇಲ್ಲ.

ಮೊದಲು 36ರ ಸ್ಪ್ಯಾನರ್. ಕಪ್‌ನ ಚಪ್ಪಟೆ ಅಂಚು ಇರುವುದೇ ಒಂದಿಷ್ಟು, ಸ್ಪ್ಯಾನರ್ ಜಾರಿತು, ನನ್ನ ಬೆರಳ ಗೆಣ್ಣಿನ ಚರ್ಮ ಫ್ರೇಮಿನ ಚೈನ್‌ಸ್ಟೇ ಕೊಳವೆಯ ಮೇಲೆ ಉಳಿಯಿತು. ಆಮೇಲೆ ಎಲ್ಲರಿಗೂ ಗೊತ್ತಿರುವ ಬೋಲ್ಟ್ ಉಪಾಯ: ಸ್ಪಿಂಡಲ್ ತೂತಿನಲ್ಲಿ 16 ಮಿ.ಮೀ. ಬೋಲ್ಟ್ ತೂರಿಸಿ, ಆ ಕಡೆ ಈ ಕಡೆ ವಾಷರ್ ಕೊಟ್ಟು, ನಟ್ಟು ಹಾಕಿ, ಬೋಲ್ಟ್ ತಲೆಯನ್ನು ಬಲಕ್ಕೆ ತಿರುಗಿಸುವುದು. ಇದರ ಚಂದ ಏನೆಂದರೆ ತಿರುಗಿಸಿದಷ್ಟೂ ಬೋಲ್ಟ್ ತಾನೇ ಇನ್ನಷ್ಟು ಬಿಗಿಯಾಗಿ ಕಪ್ಪನ್ನು ಕಚ್ಚಿಕೊಳ್ಳುತ್ತದೆ. ಸ್ಪ್ಯಾನರ್‌ಗೆ ಒಂದು ಮೀಟರ್ ಪೈಪ್ ಸಿಕ್ಕಿಸಿ ಜೋತುಬಿದ್ದೆ. ಫ್ರೇಮ್ ಕಿರುಗುಟ್ಟಿತು. ಕಪ್ ಸುಮ್ನೆ ಕೂತಿತ್ತು.

ಜಂಗು ಬಿಡಿಸುವ ಎಣ್ಣೆ ಹಾಕಿದೆ. ರಾತ್ರಿಯಿಡೀ ನೆನೆಸಿದೆ. ಫ್ರೇಮ್ ಮಗ್ಗಲು ಬದಲಿಸಿ ಒಳಗಿನಿಂದಲೂ ಹಾಕಿದೆ. ಗೋರ್ಕಲ್ಲ ಮೇಲೆ ಮಳೆ ಹೊಯ್ದ ಹಾಗಾಯಿತು. ಹಾಟ್ ಏರ್ ಗನ್ ಹಿಡಿದೆ. ಪಂಚ್ ಇಟ್ಟು ಸುತ್ತಿಗೆಯಲ್ಲಿ ಬಾರಿಸಿದೆ. ಗೆಳೆಯನನ್ನು ಕರೆಸಿ ಪೈಪ್ ಮೇಲೆ ನಿಲ್ಲಿಸಿದೆ. ಮೊದಲ ಬೋಲ್ಟ್ ಮುರಿಯಿತು. ಎರಡನೆಯದು ಗಟ್ಟಿ ಗ್ರೇಡಿನದು ತಂದೆ. ಹೀಗೆ ಎರಡು ವಾರ.

ಎಣ್ಣೆ ನೆನೆಯಲಿ ಅಂತ ಕಾಯುವಾಗ ಕೈ ಸುಮ್ಮನಿರಬೇಕಲ್ಲ. ಡ್ರಾಯರ್‌ನಲ್ಲಿದ್ದ ಸ್ಟರ್ಮಿ-ಆರ್ಚರ್ ಕಂಪನಿಯ ಎಡಬ್ಲ್ಯು ಮೂರು ಗೇರಿನ ಹಬ್ (ಗೇರ್‌ಗಳನ್ನು ಒಳಗೇ ಇಟ್ಟುಕೊಂಡಿರುವ ಹಿಂದಿನ ಚಕ್ರದ ನಡುಭಾಗ) ಹೊರಗೆ ತೆಗೆದೆ. ಇದೇ ಮುಂದಿನ ಕೆಲಸ. ಹಬ್ ಮೇಲೆ ತಯಾರಾದ ವರ್ಷ, ತಿಂಗಳು ಎರಡನ್ನೂ ಕೊರೆದಿರುತ್ತಾರೆ. ನನ್ನದರ ಮೇಲೆ 64, ಪಕ್ಕದಲ್ಲಿ 3. ಅಂದರೆ 1964ರ ಮಾರ್ಚ್. ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಓಡುತ್ತದೆ. ಮಧ್ಯದ ಗೇರ್ ನೇರ, ಕೆಳಗಿನದು ಕಾಲು ಭಾಗ ಕಮ್ಮಿ, ಮೇಲಿನದು ಮೂರನೇ ಒಂದು ಭಾಗ ಜಾಸ್ತಿ. ಎರಡು ಮತ್ತು ಮೂರರ ನಡುವೆ ಏನೂ ಇಲ್ಲದ ಒಂದು ಜಾಗ ಇದೆ. ಕೇಬಲ್ ಸರಿಯಾಗಿ ಎಳೆದಿಲ್ಲದಿದ್ದರೆ, ನಿಂತು ತುಳಿಯುವಾಗ ಪೆಡಲ್ ಗಾಳಿಯಲ್ಲಿ ತಿರುಗುತ್ತದೆ, ನೀವು ಹ್ಯಾಂಡಲ್ ಮೇಲೆ ಬೀಳುತ್ತೀರಿ. ಈ ಹಬ್ ಇದೇ ಫ್ರೇಮಿಗೆ ಹಾಕಬೇಕು ಅಂತ ಆಸೆ. ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್‌ಗಳ ನಡುವಿನ ಅಗಲ ಕಮ್ಮಿ ಮಾಡಬೇಕಾಗುತ್ತದೆ. ಇರಲಿ, ಅದು ಇನ್ನೊಂದು ದಿನದ ತಲೆನೋವು.

ಮತ್ತೆ ಕಪ್ಪಿಗೆ ಬರೋಣ. ನಮ್ಮ ಗುಂಪಿನಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮಾತು ಕಮ್ಮಿ. ರೈಡ್ ಮುಗಿಸಿ ನಿಂತಿದ್ದಾಗ ನನ್ನ ಗೋಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಥ್ರೆಡ್ ಗೇಜ್ ಇಟ್ಟು ನೋಡಿದ್ಯೇನಪ್ಪಾ?"

"ಶೆಲ್ 68 ಇದೆ ಸಾರ್, ಇಂಗ್ಲಿಷೇ."

"ಅಗಲ ಕೇಳಲಿಲ್ಲ ನಾನು. ಥ್ರೆಡ್ ಕೇಳಿದೆ."

ಮನೆಗೆ ಬಂದು ಎಡಗಡೆಯಿಂದ ಬಂದ ಕಪ್ ಕೈಗೆತ್ತಿಕೊಂಡೆ. ಇಂಗ್ಲಿಷ್ ಕಪ್ 1.37 ಇಂಚು, ಅಂದರೆ 34.8 ಮಿ.ಮೀ.; ಇಂಚಿಗೆ 24 ಥ್ರೆಡ್. ಫ್ರೆಂಚ್ ಕಪ್ 35 ಮಿ.ಮೀ., ಥ್ರೆಡ್ ಒಂದು ಮಿ.ಮೀ.ಗೆ ಒಂದು. ಅದರ ಶೆಲ್ ಅಗಲವೂ 68! ದಪ್ಪದಲ್ಲಿ ಇರುವ ವ್ಯತ್ಯಾಸ 0.2 ಮಿ.ಮೀ. ಹಳೇ ಕಪ್ ಸವೆದಿರುತ್ತದೆ, ನನ್ನ ಕ್ಯಾಲಿಪರ್ ಕೂಡ ಸವೆದಿದೆ. ಆದರೆ ಥ್ರೆಡ್ ಎಣಿಸಿದರೆ ಸುಳ್ಳು ಹೇಳುವುದಿಲ್ಲ. ಇಂಚಿಗೆ 24 ಥ್ರೆಡ್ಡಿನ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಇಟ್ಟೆ, ಸ್ವಲ್ಪ ಬೆಳಕು ಕಂಡಿತು. ಒಂದು ಮಿ.ಮೀ.ದು ಇಟ್ಟೆ, ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು.

ಎದೆ ಧಸಕ್ ಅಂದಿತು. ಆದರೆ ಇಲ್ಲೂ ಒಂದು ಎಡವಟ್ಟಿದೆ. 35ಕ್ಕೆ 1 ಇರುವ ಅಳತೆ ಫ್ರೆಂಚ್ ಒಂದೇ ಅಲ್ಲ, ಸ್ವಿಸ್ ಕೂಡ. ದಪ್ಪ ಅದೇ, ಥ್ರೆಡ್ ಅದೇ. ಫ್ರೆಂಚ್ ಫ್ರೇಮಿನಲ್ಲಿ ಬಲಗಡೆಯ ಕಪ್ ಬಲ ಥ್ರೆಡ್, ಸ್ವಿಸ್‌ನಲ್ಲಿ ಎಡ ಥ್ರೆಡ್. ಮೋಟೊಬೆಕಾನ್ ಥರದ ಅಪ್ಪಟ ಫ್ರೆಂಚ್ ಕಂಪನಿಯೂ ಎಷ್ಟೋ ಸೈಕಲ್‌ಗಳಿಗೆ ಸ್ವಿಸ್ ಥ್ರೆಡ್ ಹಾಕಿತ್ತು. ನನ್ನ ಫ್ರೇಮಿಗೋ ಹೆಸರಿಲ್ಲ, ಸ್ಟಿಕರ್ ಇಲ್ಲ, ಮೂರು ಕೋಟ್ ಪೇಂಟ್ ಬಳಿದಿದ್ದಾರೆ. ಎಡಗಡೆ ಎರಡರಲ್ಲೂ ಬಲ ಥ್ರೆಡ್ಡೇ, ಅಲ್ಲಿಂದ ಸುಳಿವು ಸಿಗುವುದಿಲ್ಲ.

ಈ ಎಡ ಥ್ರೆಡ್ ಯಾಕೆ ಬೇಕಾಯಿತು ಅಂತ ಹೊಸಬರು ಯಾವಾಗಲೂ ಕೇಳುತ್ತಾರೆ. ಮುಷ್ಟಿಯಲ್ಲಿ ಪೆನ್ಸಿಲ್ ಸಡಿಲವಾಗಿ ಹಿಡಿದು, ಅದರ ತುದಿಯನ್ನು ಗಡಿಯಾರದ ದಿಕ್ಕಿನಲ್ಲಿ ಸುತ್ತಾಡಿಸಿ. ಪೆನ್ಸಿಲ್ ತನ್ನಷ್ಟಕ್ಕೆ ಉಲ್ಟಾ ಉರುಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ. ಸ್ಪಿಂಡಲ್ ಒಂದು ಕಡೆ ಸುತ್ತಿದರೆ ಬಾಲ್‌ಗಳ ಮೂಲಕ ಕಪ್ಪು ಇನ್ನೊಂದು ಕಡೆಗೆ ತೆವಳಲು ನೋಡುತ್ತದೆ. ಬಲಗಡೆ ಬಲ ಥ್ರೆಡ್ ಇದ್ದರೆ ತುಳಿಯುತ್ತಾ ತುಳಿಯುತ್ತಾ ಸಡಿಲವಾಗುತ್ತದೆ. ಅದಕ್ಕೇ ಇಂಗ್ಲಿಷ್, ಸ್ವಿಸ್ ಎರಡರಲ್ಲೂ ಎಡ ಥ್ರೆಡ್. ಫ್ರೆಂಚರು, ಇಟಾಲಿಯನ್ನರು ಮಾತ್ರ ಬಲ ಥ್ರೆಡ್ಡನ್ನೇ ಜೋರಾಗಿ ಬಿಗಿದು ದೇವರ ಮೇಲೆ ಭಾರ ಹಾಕಿದರು. ನನ್ನ ಫ್ರೇಮಿನ ಹಳೇ ಮಾಲೀಕ ಯಾರೋ ಭಾರಿ ಶ್ರದ್ಧೆಯಿಂದ ಬಿಗಿದಿರಬೇಕು.

ಸರಿ, ಕಪ್ ಒಳಗೇ ಕೂತಿರುವಾಗ ಥ್ರೆಡ್ ಯಾವ ದಿಕ್ಕು ಅಂತ ಕಂಡುಹಿಡಿಯೋದು ಹೇಗೆ? ಕಪ್ ಮುಗಿದ ಮೇಲೆ ಶೆಲ್ ಒಳಗೆ ಇನ್ನೂ ಮೂರು ನಾಲ್ಕು ಸುತ್ತು ಥ್ರೆಡ್ ಖಾಲಿ ಉಳಿದಿತ್ತು. ಕಣ್ಣಿಗೆ ಓರೆ ಗೊತ್ತಾಗಲ್ಲ. 110 ಮಿ.ಮೀ. ಸುತ್ತಳತೆಗೆ ಒಂದೇ ಒಂದು ಮಿ.ಮೀ. ಸರಿಯುವ ಓರೆ ಯಾರಿಗೆ ಕಾಣುತ್ತದೆ? ಹಳೇ ಸ್ಪೋಕ್ ಒಂದನ್ನು ತೆಗೆದುಕೊಂಡು ತುದಿಯನ್ನು ಅರದಲ್ಲಿ ಸೂಜಿಯಂತೆ ಉಜ್ಜಿ, ಎಲ್ ಆಕಾರಕ್ಕೆ ಬಗ್ಗಿಸಿದೆ. ಎಡಗಡೆಯಿಂದ ಒಳಗೆ ತೂರಿಸಿ, ಆ ಮೊನೆಯನ್ನು ನನ್ನ ಕಡೆಯಿಂದ ಮೊದಲನೇ ಥ್ರೆಡ್ಡಿನ ಸಂದಿಗೆ ಇಟ್ಟು, ಗಡಿಯಾರದ ದಿಕ್ಕಿನಲ್ಲಿ ಮೆಲ್ಲಗೆ ಎಳೆದೆ. ಗ್ರಾಮಾಫೋನ್ ಮುಳ್ಳಿನ ಹಾಗೆ ಗರಗರ ಅನ್ನುತ್ತಾ ಹೋಯಿತು. ಮೊನೆ ನನ್ನ ಕಡೆಗೆ ಬಂದರೆ ಎಡ ಥ್ರೆಡ್. ನನ್ನಿಂದ ದೂರ ಹೋದರೆ ಬಲ ಥ್ರೆಡ್. ಒಂದು ಸುತ್ತು. ಎರಡು. ಮೂರನೇ ಸುತ್ತಿನ ಅರ್ಧದಲ್ಲಿ 'ಟಕ್' ಅಂತ ಕಪ್ಪಿನ ಅಂಚಿಗೆ ಹೋಗಿ ಬಡಿಯಿತು.

ದೂರ ಹೋಗಿತ್ತು. ಬಲ ಥ್ರೆಡ್. ಫ್ರೆಂಚ್.

ಅಂದರೆ ಒಂದು ಮೀಟರ್ ಪೈಪ್ ಹಾಕಿ, ಗೆಳೆಯನನ್ನು ಅದರ ಮೇಲೆ ನಿಲ್ಲಿಸಿ, ಬೋಲ್ಟ್ ಮುರಿಯುವ ತನಕ ನಾನು ಮಾಡಿದ್ದು ಬಿಚ್ಚುವ ಕೆಲಸ ಅಲ್ಲ. ಬಿಗಿಯುವ ಕೆಲಸ. ಹಳೇ ಮಾಲೀಕನ ಶ್ರದ್ಧೆ ನನ್ನದರ ಮುಂದೆ ಏನೂ ಅಲ್ಲ.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ ರೀತಿಯನ್ನು ಇಲ್ಲಿ ಬರೆಯಲ್ಲ.

ಈಗ ಬೋಲ್ಟ್ ಉಪಾಯವೂ ಕೈಕೊಟ್ಟಿತು. ಎಡಕ್ಕೆ ತಿರುಗಿಸಿದರೆ ಕಪ್ಪಿಗಿಂತ ಮೊದಲು ಬೋಲ್ಟೇ ಬಿಚ್ಚಿಕೊಳ್ಳುತ್ತದಲ್ಲ. ಹಾಗಾಗಿ ಬೋಲ್ಟಿನ ತಲೆಯನ್ನು ಶೆಲ್ ಒಳಗಿನಿಂದ ಕೊಟ್ಟು, ಹೊರಗಡೆ ಹಲ್ಲಿನ ವಾಷರ್, ಅದರ ಮೇಲೆ ನಟ್ಟು ಹಾಕಿ ಕೈ ನೋಯುವಷ್ಟು ಬಿಗಿದೆ. ಅದರ ಮೇಲೆ ಎರಡನೇ ನಟ್ಟು, ಎರಡನ್ನೂ ಒಂದಕ್ಕೊಂದು ಲಾಕ್ ಮಾಡಿದೆ. ಈಗ ಬೋಲ್ಟು, ನಟ್ಟು, ಕಪ್ಪು ಎಲ್ಲ ಒಂದೇ ಮುದ್ದೆ. ಎಣ್ಣೆ ಒರೆಸಿ ಪೂರ್ತಿ ಒಣಗಿಸಿ (ಇದನ್ನು ಮರೆಯಬೇಡಿ, ಎಣ್ಣೆ ಇದ್ದಲ್ಲಿ ಬಿಸಿ ಹಿಡಿದರೆ ಹೊಗೆಯಲ್ಲ, ಬೆಂಕಿಯೇ ಬರಬಹುದು) ಶೆಲ್ ಸುತ್ತ ಮಾತ್ರ ಬಿಸಿ ಗಾಳಿ ಕೊಟ್ಟೆ. ಪೇಂಟ್ ಗುಳ್ಳೆ ಎದ್ದಿತು. ಏಳಲಿ. ಎರಡು ನಟ್ಟುಗಳಲ್ಲಿ ಕಪ್ಪಿನ ಕಡೆಯದಕ್ಕೆ 24ರ ಸ್ಪ್ಯಾನರ್, ಅದಕ್ಕೆ ಪೈಪ್, ಎಡಕ್ಕೆ.

ಮೊದಲ ಎರಡು ಸಲ ವಾಷರ್ ಜಾರಿತು. ಮತ್ತೆ ಬಿಗಿದೆ. ಮೂರನೇ ಸಲ ಬಂದೂಕು ಹಾರಿದ ಹಾಗೆ 'ಠಪ್' ಅಂದಿತು. ಇನ್ನೊಂದು ಬೋಲ್ಟ್ ಹೋಯಿತು ಅಂದುಕೊಂಡೆ. ಕೆಳಗೆ ನೋಡಿದರೆ ಕಪ್ಪಿನ ಅಂಚಿನ ಸುತ್ತ ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಉಳಿದದ್ದು ಕೈಯಲ್ಲೇ ಬಂತು.

ತೊಳೆದು ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಕಪ್ಪಿನ ಹೊರಮುಖದಲ್ಲಿ, ಮೂರು ಕೋಟ್ ಪೇಂಟಿನ ಕೆಳಗೆ, ಅಂದವಾಗಿ ಕೊರೆದಿದ್ದಾರೆ: 35×1. ಮೊದಲ ದಿನ ಉಗುರಿನಲ್ಲಿ ಕೆರೆದಿದ್ದರೂ ಸಾಕಿತ್ತು.

ಮಲಗಿದ ಮೇಲೆ ಇನ್ನೊಂದು ಹೊಳೆಯಿತು. ಫ್ರೆಂಚ್ ಫೋರ್ಕ್ ಆದರೆ ಸ್ಟೆಮ್ (ಹ್ಯಾಂಡಲ್ ಹಿಡಿದು ಫೋರ್ಕ್ ಒಳಗೆ ಇಳಿಯುವ ದಂಡ) 22.0 ಮಿ.ಮೀ. ಬೇಕು, ಮಾಮೂಲಿ ಸ್ಟೆಮ್ 22.2. ಭಾಗ 2ರಲ್ಲಿ "ಒಳಗೆ ಜಂಗು ಹಿಡಿದಿದೆ, ಸ್ಟೆಮ್ ಇಳಿಯುತ್ತಿಲ್ಲ" ಅಂತ ಬರೆದು ಎರಡು ಸಂಜೆ ಮರಳು ಕಾಗದದಲ್ಲಿ ಸ್ಟೆಮ್ ಉಜ್ಜಿದ್ದೆ, ನೆನಪಿದೆಯಾ? ಅದು ಜಂಗಲ್ಲ. ಫ್ರೇಮ್ ಆಗಲೇ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನು ಬಿಡಿಭಾಗ ಮಾರುವವರ ಪುರಾಣ. ಸ್ಪೋಕ್ ಪರೀಕ್ಷೆ ಮಾಡಿದ ದಿನವೇ 35×1 ಕಪ್ ಬೇಕು, ಎರಡೂ ಬಲ ಥ್ರೆಡ್ ಅಂತ ಬಿಡಿಸಿ ಬಿಡಿಸಿ ಬರೆದು ಆರ್ಡರ್ ಮಾಡಿದ್ದೆ. ಇವತ್ತು ಬೆಳಿಗ್ಗೆ ಪಾರ್ಸೆಲ್ ಬಂತು. ಡಬ್ಬಿಯ ಮೇಲೆ 'ಫ್ರೆಂಚ್' ಅಂತ ಪೆನ್ನಲ್ಲಿ ಬರೆದ ಚೀಟಿ. ಒಳಗಿನ ಕಪ್ ಮೇಲೆ 1.37×24. ಎಡಗಡೆಯದನ್ನು ಇಟ್ಟು ನೋಡಿದೆ. ಎರಡು ಸುತ್ತು ಒಳ್ಳೆ ಮಗುವಿನ ಹಾಗೆ ಹೋಗಿ ಕಚ್ಚಿಕೊಂಡಿತು. ಇಲ್ಲೇ ಜನ ಸ್ಪ್ಯಾನರ್ ಹಾಕಿ ತಿರುಗಿಸಿ ಶೆಲ್ ಹಾಳು ಮಾಡೋದು. ಬಲಗಡೆಯದು ಬಾಯಿಗೇ ಹತ್ತಲಿಲ್ಲ. ಫೋನ್ ಮಾಡಿದರೆ, "ಸಾರ್, 68 ಅಂದ್ರೆ 68 ಸಾರ್, ಎಲ್ಲಾದಕ್ಕೂ ಆಗುತ್ತೆ." ಬೈಯೋಣ ಅಂತ ಬಾಯಿ ತೆರೆದೆ. ಆದರೆ ಮೂರು ವಾರ ಇದೇ ಮಾತನ್ನು ನಂಬಿಕೊಂಡಿದ್ದವನು ಯಾರು? ವಾಪಸ್ ಕಳಿಸುತ್ತೇನೆ ಅಂತ ಹೇಳಿ ಇಟ್ಟೆ.

ಶೆಲ್ಲನ್ನು ಇಟಾಲಿಯನ್ ಅಳತೆಗೆ, ಅಂದರೆ 36 ಮಿ.ಮೀ.ಗೆ ಮತ್ತೆ ಕೊರೆಸಬಹುದು. ಎಷ್ಟೋ ಜನ ಹಾಗೆ ಮಾಡುತ್ತಾರೆ. ನನಗೆ ಮನಸ್ಸಿಲ್ಲ. ಒಮ್ಮೆ ಕೊರೆದರೆ ಹಿಂದಿರುಗುವ ದಾರಿ ಇಲ್ಲ, ಅದೂ ಅಲ್ಲದೆ ಇಟಾಲಿಯನ್‌ನಲ್ಲೂ ಬಲಗಡೆ ಬಲ ಥ್ರೆಡ್ಡೇ, ಅದೇ ಸಡಿಲವಾಗುವ ಕಾಟ. ಥ್ರೆಡ್ ಬೇಡದ ಕಾರ್ಟ್ರಿಡ್ಜ್ (ಸ್ಪಿಂಡಲ್, ಬೇರಿಂಗ್ ಎಲ್ಲ ಒಂದೇ ಕೊಳವೆಯಲ್ಲಿ ಇರುವಂಥದ್ದು) ಹಾಕುತ್ತಿದ್ದೇನೆ. ಅದರ ಎರಡು ಬದಿಗಳು ಶೆಲ್ ಒಳಗೆ ಒಂದಕ್ಕೊಂದು ತಿರುಪಿಕೊಂಡು ಶೆಲ್ಲನ್ನೇ ಅಮುಕಿ ಹಿಡಿಯುತ್ತವೆ. ಫ್ರೆಂಚ್ ಥ್ರೆಡ್ ಹಾಗೇ ಉಳಿಯುತ್ತದೆ, ಎಂದಾದರೂ ಒಳ್ಳೆ ಕಪ್ ಸಿಕ್ಕರೆ ಹಾಕಬಹುದು. ಸ್ಪಿಂಡಲ್ ಉದ್ದ ಹಳೆಯದಕ್ಕೆ ಹೋಲಿಸಿ ಅಳೆದಿದ್ದೇನೆ. ಈ ಸಲ ಎರಡು ಸಲ ಅಳೆದೆ, ಬೇರೆಯವರ ಕ್ಯಾಲಿಪರ್‌ನಲ್ಲಿ.

ಅದು ಬರುವ ತನಕ ಭಾನುವಾರದ ರೈಡಿಗೆ ಎರವಲು ಸೈಕಲ್. ಲೇತ್ ಹಿರಿಯರಿಗೆ ತೋರಿಸಲು ಕಪ್ಪನ್ನು ಜರ್ಸಿಯ ಹಿಂದಿನ ಜೇಬಿಗೆ ಹಾಕಿಕೊಂಡು ಹೋಗುತ್ತೇನೆ. ಶೆಲ್‌ನ ಅಡಿಯಲ್ಲಿ, ಪೇಂಟ್ ಸುಟ್ಟು ಬರಿ ಲೋಹ ಕಾಣುವ ಜಾಗದಲ್ಲಿ, ಇವತ್ತು ಮಧ್ಯಾಹ್ನ ಪೇಂಟ್ ಮಾರ್ಕರ್‌ನಲ್ಲಿ ಬಿಳಿ ಬಾಣ ಒಂದನ್ನು ಬರೆದೆ. ಪಕ್ಕದಲ್ಲಿ: "35×1. ಬಲಗಡೆಯದೂ ಎಡಕ್ಕೇ ಬಿಚ್ಚುತ್ತದೆ. ಪೈಪ್ ಹಾಕುವ ಮುಂಚೆ ಓದಿ."